ತೊಂಬತ್ತು ದಿನದ ಸಾರು

ಯುರೋಪಿಗೆ ಕೆಲಸದ ಮೇಲೆ ಓಡಾಡುವವರಿಗೆಲ್ಲ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ. ಶೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಅಲ್ಲಿರಬಹುದು. ಒಂದೇ ಸಲಕ್ಕೆ ಅಷ್ಟನ್ನೂ ಮುಗಿಸಿಬಿಟ್ಟರೆ ಮುಂದಿನ 90 ದಿನ ಅತ್ತ ತಲೆ ಹಾಕುವಂತಿಲ್ಲ. ಮೂರು ವರ್ಷದಿಂದ ನನ್ನ ಬದುಕು ಈ ಲೆಕ್ಕದ ಮೇಲೇ ನಡೆಯುತ್ತಿದೆ. ಮೂರು ತಿಂಗಳು ಸ್ಟಟ್‌ಗಾರ್ಟ್, ಮೂರು ತಿಂಗಳು ಮೈಸೂರು. ಕೇಳುವವರಿಗೆ ಮಜಾ ಅನಿಸುತ್ತದೆ.. ನನಗೆ ಎರಡೂ ಕಡೆ ನೆಂಟ ಅನಿಸುತ್ತದೆ :)

ಮನೆಗೆ ಬಂದ ಮೊದಲ ವಾರವಂತೂ ಕೇಳಬೇಡಿ. ಅಲ್ಲಿಗಿಂತ ನಾವು ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ರಾತ್ರಿ ಒಂದಾದರೂ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಏಳುವಷ್ಟರಲ್ಲಿ ಅಮ್ಮನ ಪೂಜೆ, ಪೇಪರು, ಎರಡನೇ ಕಾಫಿ ಎಲ್ಲ ಮುಗಿದಿರುತ್ತದೆ. ಸೂಟ್‌ಕೇಸು ಹಾಲಿನಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಬಂದು ಹೋಗುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮತ್ತೆ ಯಾವಾಗ ವಾಪಸ್ಸು?"

ಹೋಗುವಾಗ ನನ್ನ ಜೊತೆ ತಪ್ಪದೆ ಬರುವುದು ಅಮ್ಮ ಮಾಡಿದ ಪುಳಿಯೋಗರೆ ಗೊಜ್ಜು. ಪ್ರಯಾಣಕ್ಕೆ ಇದಕ್ಕಿಂತ ಹೇಳಿಮಾಡಿಸಿದ ತಿನಿಸಿಲ್ಲ. ಹುಣಸೆಯ ಹುಳಿ ಅಂದರೆ ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ಕಾಲು ಕೆಜಿ ಹಳೇ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಉಪ್ಪು, ಬೆಲ್ಲ, ಪುಡಿ ಹಾಕಿ ಎಣ್ಣೆ ಬಿಡುವ ತನಕ ಕುದಿಸಿದರೆ ನೀರಿನಂಶ ಬಹುಪಾಲು ಹೋಗಿರುತ್ತದೆ. ಅಷ್ಟು ಹುಳಿ, ಅಷ್ಟು ಉಪ್ಪು, ನೀರಿಲ್ಲ ಅಂದಮೇಲೆ ಕೆಡಿಸುವ ಜೀವಾಣುಗಳಿಗೆ ಅಲ್ಲಿ ಬಾಳುವೆ ಕಷ್ಟ. ಒದ್ದೆ ಚಮಚ ಹಾಕದೆ ಫ್ರಿಜ್ಜಿನಲ್ಲಿಟ್ಟರೆ ನನ್ನ ಮೂರು ತಿಂಗಳು ಆರಾಮಾಗಿ ಕಳೆಯುತ್ತದೆ.

ಕಾನೂನಿಗೂ ಗೊಜ್ಜಿನ ಮೇಲೆ ಸಿಟ್ಟಿಲ್ಲ! ಐರೋಪ್ಯ ಒಕ್ಕೂಟದೊಳಕ್ಕೆ ಹೊರದೇಶದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ತುಪ್ಪ ಇಲ್ಲ. 2019ರ ಡಿಸೆಂಬರಿನಿಂದ ಸರ್ಟಿಫಿಕೇಟ್ ಇಲ್ಲದೆ ಹಸಿ ಕರಿಬೇವೂ ಇಲ್ಲ. 2022ರಲ್ಲಿ ನಮ್ಮ ವಿಮಾನ ಭದ್ರತೆಯವರು ಚೆಕ್-ಇನ್ ಲಗೇಜಿನಲ್ಲಿ ಒಣಕೊಬ್ಬರಿಯನ್ನೂ ಬೇಡ ಅಂದರು. ಎಣ್ಣೆಯಂಶ ಜಾಸ್ತಿ, ಬೆಂಕಿ ಹತ್ತಬಹುದು ಅಂತ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಗೊಜ್ಜು. ಹೀಗೆ ಅಲ್ಲಿ ಚಳಿಯಲ್ಲಿ ಕೆಲಸ ಮುಗಿಸಿ ರೂಮಿಗೆ ಬಂದು, ಒಂದು ಹಿಡಿ ಅನ್ನ ಮಾಡಿ, ಎರಡು ಚಮಚ ಗೊಜ್ಜು ಕಲಸಿ, ಲ್ಯಾಪ್‌ಟಾಪಿನ ಮುಂದೆ ಕೂತು ಎಷ್ಟು ರಾತ್ರಿ ಉಂಡಿದ್ದೇನೋ ಲೆಕ್ಕವಿಲ್ಲ.

ಈ ಸಲ ಬಂದ ಎರಡನೇ ದಿನ ಮೊಸರು ಹುಡುಕಲು ಫ್ರಿಜ್ಜು ತೆಗೆದೆ. ಹಿಂದೆ ಅದೇ ಗೊಜ್ಜಿನ ಇನ್ನೊಂದು ಬಾಟಲಿ, ತಳ ಕಾಣುತ್ತಿತ್ತು. ನಾನು ಹೊರಡುವಾಗ ಕಂಠದ ತನಕ ಇದ್ದದ್ದು.

"ಯಾರಮ್ಮ ಇಷ್ಟೊಂದು ತಿಂದಿದ್ದು?"

"ಇನ್ಯಾರು, ನಾನೇ. ಒಬ್ಬಳಿಗೆ ಏನು ಸಾರು ಮಾಡ್ಕೊಳ್ಳೋದೋ. ಒಂದು ಹಿಡಿ ಅನ್ನ ಇಟ್ಕೊಂಡು, ಎರಡು ಚಮಚ ಕಲಸಿದ್ರೆ ಊಟ ಆಯ್ತು. ಟೀವಿ ಮುಂದೆ ಕೂತ್ರೆ ಹೊಟ್ಟೆಗೆ ಇಳಿಯತ್ತೆ."

ಅಮ್ಮ ಇದನ್ನು ಹೇಳಿದ್ದು ಬೇಜಾರಿನಿಂದಲ್ಲ, ಅವಳ ಪಾಡಿಗೆ ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅಪ್ಪ ಹೋಗಿ ಐದು ವರ್ಷ. ಅಮ್ಮ ಮೈಸೂರು ಬಿಟ್ಟು ಕದಲುವವಳಲ್ಲ. ಆದರೆ ಊರು ಬಿಟ್ಟವನೂ ಮನೆಯಲ್ಲೇ ಇದ್ದವಳೂ ಮೂರು ತಿಂಗಳು ಉಂಡದ್ದು ಒಂದೇ ಊಟ. ತನ್ನದೇ ಅಡುಗೆಮನೆಯಲ್ಲಿ ಅಮ್ಮ ಪ್ರಯಾಣಿಕಳಾಗಿಬಿಟ್ಟಿದ್ದಳು.

ಅವತ್ತಿನಿಂದ ಸಾರು ನನ್ನ ಕೆಲಸ. ಇಬ್ಬರಿಗೆ ಕಾಲು ಲೋಟ ತೊಗರಿಬೇಳೆ, ಎರಡು ನಾಟಿ ಟೊಮೇಟೊ, ಚಿಕ್ಕ ನೆಲ್ಲಿಕಾಯಿಯಷ್ಟು ಹುಣಸೆ, ಒಂದೂವರೆ ಚಮಚ ಸಾರಿನ ಪುಡಿ. ಪುಡಿಗೆ ಸಂತೇಪೇಟೆಗೆ ಹೋಗಿ ಬ್ಯಾಡಗಿ ಮೆಣಸಿನಕಾಯಿ ತಂದೆ. ಅದರದ್ದು ಖಾರ ಕಮ್ಮಿ, ಬಣ್ಣ ಜಾಸ್ತಿ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಉಸ್ತುವಾರಿ ಮಾಡುತ್ತಾಳೆ. "ಉಕ್ಕು ಬಂತು, ಇಳಿಸು ಇಳಿಸು! ಕುದೀತಾ ಇದ್ರೆ ಘಮ ಎಲ್ಲ ಹಬೇಲೇ ಹೋಗತ್ತೆ." ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಹಿತ್ತಲಿನಿಂದ ಆಗಷ್ಟೇ ಕಿತ್ತು ತಂದ ಕರಿಬೇವು. ಚೊಂಯ್ ಅಂದಾಗ ಹೊಳೆಯಿತು ನೋಡಿ.. ವಿಮಾನ ಹತ್ತದ ಸಾಮಾನೆಲ್ಲ ಸಾರಿಗೆ ಬೇಕು. ಗೊಜ್ಜು ಎಲ್ಲಿಗಾದರೂ ಬರುತ್ತದೆ, ಯಾವಾಗಲಾದರೂ ಕಾಯುತ್ತದೆ. ಸಾರು ಮಾಡಿದ ಮನೆಯಲ್ಲೇ, ಮಾಡಿದ ಹೊತ್ತಿಗೇ ಉಣ್ಣಬೇಕು. ಜೊತೆಗೆ ಇನ್ನೊಂದು ತಟ್ಟೆಯೂ ಬೇಕು.

ಆ ಇನ್ನೊಂದು ತಟ್ಟೆಗೆ ನಾನಿಲ್ಲದಾಗ ಏನು ಮಾಡುವುದು? ಪಕ್ಕದ ಮನೆಯ ಅಜ್ಜಿಯೂ ಒಬ್ಬರೇ. ಕಳೆದ ವಾರದಿಂದ ಒಂದು ದಿನ ನಮ್ಮ ಮನೆಯ ಸಾರು ಅಲ್ಲಿಗೆ, ಇನ್ನೊಂದು ದಿನ ಅವರ ಹುಳಿ ಇಲ್ಲಿಗೆ ಅಂತ ಶುರುವಾಗಿದೆ. "ಅವರು ಬೆಲ್ಲ ಜಾಸ್ತಿ ಹಾಕ್ತಾರೆ" ಅಂತ ಅಮ್ಮನ ತಕರಾರು. ಇರಲಿ, ತಕರಾರು ಮಾಡಲಿಕ್ಕಾದರೂ ಊಟದಲ್ಲಿ ಏನಾದರೂ ಇರಬೇಕಲ್ಲ!

ಇನ್ನು ಹನ್ನೊಂದು ದಿನಕ್ಕೆ ಹೊರಡಬೇಕು. ನಿನ್ನೆ ಗೊಜ್ಜು ಕುದಿಸಿದ್ದಾಯಿತು, ಎರಡು ಬಾಟಲಿ ತುಂಬಿತು. ಈ ಸಲ ಎರಡೂ ನನಗೇ ಅಂದೆ.

"ನಂಗೂ ಒಂಚೂರು ಇರ್ಲಿ ಕಣೋ," ಅಂದಳು ಅಮ್ಮ.

"ನೀನು ಎಲ್ಲಿಗೂ ಹೋಗ್ತಾ ಇಲ್ವಲ್ಲಮ್ಮ," ಅಂದೆ.