ತೂತಿನ ಕಾಲಾಣೆ

ಜವನಗೊಂಡನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ನಾಣ್ಯಸಂಗ್ರಹದಲ್ಲಿ ಎರಡು ಮಹಾಯುದ್ಧಗಳ ಗುರುತುಗಳು ಅಕ್ಕಪಕ್ಕದಲ್ಲಿವೆ. ಒಂದು, ಜರ್ಮನಿಯ ಪಟ್ಟಣವೊಂದರ ಕಬ್ಬಿಣದ ನಾಣ್ಯ. ಮೊದಲ ಮಹಾಯುದ್ಧದ ಕಾಲದಲ್ಲಿಯೂ ಅನಂತರವೂ ಚಿಲ್ಲರೆಯ ಅಭಾವ ನೀಗಲು ಅಲ್ಲಿನ ಪಟ್ಟಣಗಳೇ ಕಬ್ಬಿಣ, ಸತುಗಳಲ್ಲಿ ನಾಣ್ಯ ಹೊರಡಿಸಿದ್ದವು. ಇನ್ನೊಂದು, 1943ರ ಭಾರತದ ತೂತಿನ ಕಾಲಾಣೆ. ಎರಡನೆಯ ಮಹಾಯುದ್ಧದಲ್ಲಿ ಲೋಹ ಉಳಿಸಲೆಂದು ಸರ್ಕಾರ ಕಂಚಿನ ಬಿಲ್ಲೆಯ ನಡುಭಾಗವನ್ನೇ ತೆಗೆದಿತ್ತು. ರೂಪಾಯಿಗೆ ಅಂಥವು 64.

ಅವರ ತಾಯಿ ಅದನ್ನು ದಾರಕ್ಕೆ ಪೋಣಿಸಿ, ಸಂತೆಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೊಳ್ಳಲು ಬಂದ ವರ್ತಕರು ಮಾಸಿದ ದಾರವನ್ನು ಕತ್ತರಿಸಿಕೊಡುವಂತೆ ಕೇಳಿದರು. ಮೇಷ್ಟ್ರು ಒಪ್ಪಲಿಲ್ಲ. ಜರ್ಮನಿಯ ನಾಣ್ಯದ ಮೇಲೆ ಅದನ್ನು ಹೊರಡಿಸಿದ ಊರಿನ ಹೆಸರಿದೆ. ಕಾಲಾಣೆಯ ಮೇಲೆ ಅದನ್ನು ಜೋಪಾನ ಮಾಡಿದವರ ಹೆಸರಿಲ್ಲ. ಅವರ ಗುರುತೆಂದು ಉಳಿದಿರುವುದು ಆ ದಾರವೊಂದೇ.