ಎರವಿನ ಅಧಿಕಾರ

ಶ್ರೀನಿವಾಸಪುರದ ಒಂದು ಮನೆಯಲ್ಲಿ ಅಕ್ಕತಮ್ಮಂದಿರಿಗೆ ಸೇರಿ ಒಂದೇ ಗಣಕಯಂತ್ರವಿದ್ದಿತು. ಇಬ್ಬರಿಗೂ ಬೇರೆ ಬೇರೆ ಖಾತೆ. ಒಬ್ಬರ ಬರಹವನ್ನು ಇನ್ನೊಬ್ಬರು ಅಳಿಸುವಂತಿರಲಿಲ್ಲ. ಅಕ್ಕನು ಅಜ್ಜಿಯ ಬಾಯಿಂದ ಕನ್ನಡ, ತೆಲುಗು ಹಾಡುಗಳನ್ನು ಕೇಳಿ ತನ್ನ ಖಾತೆಯಲ್ಲಿ ಬರೆದಿಟ್ಟಿದ್ದಳು.

ಲಿನಕ್ಸ್ ವ್ಯವಸ್ಥೆಯಲ್ಲಿ ‘ರೂಟ್’ ಎಂಬ ಒಡೆಯನಿಗೆ ಮಾತ್ರ ಇಂತಹ ಅಡ್ಡಿಗಳಿಲ್ಲ. ಆಜ್ಞೆಗಳನ್ನು ಬರೆಯುವ ಕಿಟಕಿಯಲ್ಲಿ ಆ ಒಡೆತನವನ್ನು ಪಡೆಯಲು ಮುಖ್ಯವಾಗಿ ಎರಡು ದಾರಿಗಳುಂಟು. ‘ಸು’ ಎಂದು ಬರೆದು ಒಡೆಯನ ಗುಪ್ತಪದವನ್ನು ಕೊಟ್ಟರೆ, ‘ಎಕ್ಸಿಟ್’ ಎಂದು ಹೊರಬರುವವರೆಗೆ ಬರೆದವನೇ ಒಡೆಯ. ಆಜ್ಞೆಯ ಮುಂದೆ ‘ಸುಡೂ’ ಎಂದು ಸೇರಿಸಿದರೆ, ತನ್ನದೇ ಗುಪ್ತಪದದಿಂದ ಆ ಒಂದು ಕೆಲಸಕ್ಕಷ್ಟೇ ಅಧಿಕಾರ. ಯಾರು, ಯಾವಾಗ, ಏನು ಮಾಡಿದರೆಂಬ ದಾಖಲೆಯೂ ಉಳಿಯುವುದು. ಸಂಸ್ಕೃತದಲ್ಲಿ ‘ಸು’ ಶುಭವನ್ನು ಸೂಚಿಸುವ ಉಪಸರ್ಗ; ‘ಸುಡೂ’ ಎಂಬುದೋ ಕನ್ನಡದ ಕಿವಿಗೆ ಬೆಂಕಿಯ ಮಾತು. ಆ ಮನೆಯಲ್ಲಿ ಸುಟ್ಟದ್ದು ಮಾತ್ರ ‘ಸು’.

ತಮ್ಮನು ಪ್ರತಿ ಸಾರಿಯೂ ಗುಪ್ತಪದ ಬರೆಯುವುದು ಬೇಸರವೆಂದು ‘ಸು’ವಿನಿಂದ ಒಡೆಯನಾಗಿ, ಕೆಲಸ ಮುಗಿದರೂ ಹೊರಬರಲು ಮರೆತನು. ಸಂಜೆ ತನ್ನ ಹಳೆಯ ಕಡತಗಳನ್ನು ಅಳಿಸಹೋಗಿ, ಹೆಸರಿನ ನಡುವೆ ಒಂದು ತೆರಪು ಬಿಟ್ಟದ್ದರಿಂದ, ಅಕ್ಕನ ಖಾತೆಯೆಲ್ಲವೂ ಅಳಿಯಿತು. ಯಂತ್ರವು ಒಂದು ಮಾತನ್ನೂ ಕೇಳಲಿಲ್ಲ. ಒಡೆಯನನ್ನು ಯಾರು ಕೇಳುವರು?

ಒಬ್ಬರ ಅಧಿಕಾರವನ್ನು ಇನ್ನೊಬ್ಬರು ನಡೆಸುವುದು ಆ ಊರಿಗೆ ಹೊಸದಲ್ಲ. ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ 1799ರಿಂದ 1811ರವರೆಗೆ ರಾಜ್ಯಭಾರ ನಡೆಸಿದ ದಿವಾನ್ ಪೂರ್ಣಯ್ಯನವರು ಪಾಪನಪಲ್ಲಿಗೆ ತಮ್ಮ ಮಗನ ಹೆಸರನ್ನಿಟ್ಟದ್ದರಿಂದಲೇ ಅದು ಶ್ರೀನಿವಾಸಪುರವಾಯಿತು. ಎರವಿನ ಅಧಿಕಾರದ ಗುರುತುಗಳು ಹೀಗೆ ಬಹುಕಾಲ ನಿಲ್ಲುವುವು.

‘ಸುಡೂ’ ಹುಟ್ಟಿದುದು 1980ರ ಸುಮಾರಿಗೆ, ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾನಿಲಯದಲ್ಲಿ. ಬರೆದವರು ಬಾಬ್ ಕಾಗೆಶಲ್ ಮತ್ತು ಕ್ಲಿಫ್ ಸ್ಪೆನ್ಸರ್. ಹಲವರು ಬಳಸುವ ಯಂತ್ರದಲ್ಲಿ ಒಡೆಯನ ಗುಪ್ತಪದವನ್ನು ಎಲ್ಲರಿಗೂ ಹಂಚದೆ, ಯಾರಿಗೆ ಯಾವ ಕೆಲಸವೆಂಬುದನ್ನು ಪಟ್ಟಿಯಲ್ಲಿ ಬರೆದಿಡಲು ಅದರಿಂದ ಸಾಧ್ಯವಾಯಿತು. 2004ರಲ್ಲಿ ಬಂದ ಉಬುಂಟುವಂತೂ ಒಡೆಯನ ಖಾತೆಯ ಬಾಗಿಲನ್ನೇ ಮುಚ್ಚಿಟ್ಟು ‘ಸುಡೂ’ವನ್ನು ಮುಂದಿಟ್ಟಿತು. ತಪ್ಪಾದ ಆಜ್ಞೆಯ ಮುಂದೆ ‘ಸುಡೂ’ ಬರೆದರೂ ಹಾನಿ ತಪ್ಪದೆಂಬುದು ನಿಜ. ಆದರೆ ಆ ಮಾತನ್ನು ಬೇಕೆಂದೇ ಬರೆಯಬೇಕಾಗುವುದು.

ಅಕ್ಕನು ಒಡೆಯನ ಗುಪ್ತಪದಕ್ಕೆ ಬೀಗ ಹಾಕಿದಳು.

“ನನ್ನ ಮೇಲೆ ನಂಬಿಕೆಯಿಲ್ಲವೇ ಅಕ್ಕಾ?” ಎಂದನು ತಮ್ಮ.

“ನನಗೂ ಇದೇ ಕಟ್ಟಳೆಯಪ್ಪ” ಎಂದಳು.

ಅನಂತರ ತಮ್ಮನೇ ಅಜ್ಜಿಯ ಮುಂದೆ ಕುಳಿತು ಹಾಡುಗಳನ್ನು ಮತ್ತೆ ಬರೆದುಕೊಳ್ಳತೊಡಗಿದನು. ಬೀಸುವಾಗಿನ ಹಾಡುಗಳು ಅಜ್ಜಿಯ ನಾಲಗೆಯ ಮೇಲಿದ್ದುವು. ಮದುವೆಯ ಹಾಡುಗಳಲ್ಲಿ ಕೆಲವಕ್ಕೆ ಮೊದಲ ಸಾಲಿನ ಮುಂದೆ ಅವರಿಗೇ ನೆನಪಾಗಲಿಲ್ಲ.