ಹಿಂಬದಿ ತಿರುಪಿನ ರೀಲು

ಪುಣೆಯ ಯಾವುದೇ ಗಾಳದ ಅಂಗಡಿಗೆ ಹೋಗಿ ‘ರಿಯರ್ ಡ್ರ್ಯಾಗ್ ರೀಲು ಇದೆಯಾ?’ ಎಂದು ಕೇಳಿ ನೋಡಿ. ಕ್ಯಾಸೆಟ್ ಪ್ಲೇಯರ್ ಕೇಳಿದವರನ್ನು ನೋಡುವ ಹಾಗೆ ನೋಡುತ್ತಾರೆ. ‘ಫ್ರಂಟ್ ಡ್ರ್ಯಾಗ್ ತಗೊಳ್ಳಿ ಸರ್, ಈಗ ಎಲ್ಲರೂ ಅದನ್ನೇ ತಗೊಳ್ಳೋದು’ ಎನ್ನುತ್ತಾರೆ. ಅವರ ಮಾತು ಬಹುಪಾಲು ಸರಿಯೇ. ಆದರೂ ನಮ್ಮ ಮನೆಯ ಮೂರು ರೀಲುಗಳಲ್ಲಿ ಎರಡು ರಿಯರ್ ಡ್ರ್ಯಾಗಿನವು. ವರ್ಷಕ್ಕೆ ಎರಡು ಸಲ ಅವನ್ನು ಡೈನಿಂಗ್ ಟೇಬಲ್ ಮೇಲೆ ಬಿಚ್ಚಿ ಹರಡಿಕೊಳ್ಳುತ್ತೇನೆ. ಹೆಂಡತಿ ಆವತ್ತು ಊಟವನ್ನು ನೆಲದ ಮೇಲೆ ಬಡಿಸುತ್ತಾಳೆ.

ಗಾಳ ಹಿಡಿಯದವರಿಗಾಗಿ ಒಂದೆರಡು ಮಾತು. ದೊಡ್ಡ ಮೀನು ಕಚ್ಚಿ ಓಡಿದಾಗ ದಾರವನ್ನು ಬಿಗಿಯಾಗಿ ಹಿಡಿದರೆ ತುಂಡಾಗುತ್ತದೆ, ಪೂರ್ತಿ ಬಿಟ್ಟರೆ ಗಾಳ ಕಳಚುತ್ತದೆ. ಇವೆರಡರ ನಡುವೆ, ಒಂದು ಮಿತಿ ದಾಟಿದ ಮೇಲೆ ಮಾತ್ರ ದಾರ ಬಿಡುವ ಕ್ಲಚ್ಚಿಗೆ ಡ್ರ್ಯಾಗ್ ಎಂದು ಹೆಸರು. ಫ್ರಂಟ್ ಡ್ರ್ಯಾಗಿನಲ್ಲಿ ಅದರ ವಾಷರುಗಳು ದಾರ ಸುತ್ತಿದ ಸ್ಪೂಲಿನ ಒಳಗೇ ಇರುತ್ತವೆ, ತಿರುಪು ಸ್ಪೂಲಿನ ಮೂತಿಯಲ್ಲಿರುತ್ತದೆ. ರಿಯರ್ ಡ್ರ್ಯಾಗಿನಲ್ಲಿ ವಾಷರುಗಳೂ ತಿರುಪೂ ರೀಲಿನ ಬಾಲದಲ್ಲಿ, ಅಂದರೆ ಹಿಡಿದವರ ಹೊಟ್ಟೆಯ ಕಡೆಗೆ ಇರುತ್ತವೆ.

ನಮ್ಮೂರು ತೀರ್ಥಹಳ್ಳಿಯ ಹತ್ತಿರ. ಶೃಂಗೇರಿಗೆ ಹೋದಾಗ ಮಠದ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿದು, ಮರುದಿನ ಮನೆ ಕೆಳಗಿನ ಹೊಳೆಯಲ್ಲಿ ಗಾಳ ಹಾಕುವ ಜನ ನಾವು. ಅಪ್ಪ ಜೀವಮಾನದಲ್ಲಿ ರೀಲು ಮುಟ್ಟಿದವರಲ್ಲ. ಬಿದಿರಿನ ಕೋಲು, ನೈಲಾನ್ ದಾರ, ಎರೆಹುಳ, ಅಷ್ಟೇ. ಮೀನು ಎಳೆದಾಗ ದಾರವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಜಾರಿಸಿ ಜಾರಿಸಿ ದಣಿಸುತ್ತಿದ್ದರು. ಅವರ ಬೆರಳೇ ಡ್ರ್ಯಾಗ್.

ಅಮ್ಮ ಹೋದ ಮೇಲೆ ಅಪ್ಪ ನಮ್ಮ ಜೊತೆ ಪುಣೆಗೆ ಬಂದರು. ಬಂದ ವರ್ಷವೇ ಸಣ್ಣದೊಂದು ಸ್ಟ್ರೋಕ್ ಆಯಿತು. ನಡಿಗೆ, ಮಾತು ಮರಳಿದವು. ಎಡಗೈ ಮಾತ್ರ ಪೂರ್ತಿ ಮರಳಲಿಲ್ಲ. ಲೋಟ ಹಿಡಿಯುತ್ತಾರೆ, ಅಂಗಿಯ ಗುಂಡಿ ಹಾಕಲಾಗುವುದಿಲ್ಲ. ಮರಾಠಿ ಬಾರದೆ, ಎಂಟನೇ ಮಹಡಿಯಿಂದ ಇಳಿಯಲು ಮನಸ್ಸಿಲ್ಲದೆ ಟಿವಿ ಮುಂದೆ ಕೂತವರನ್ನು ಒಂದು ಭಾನುವಾರ ಭಿಗವಣಕ್ಕೆ ಕರೆದುಕೊಂಡು ಹೋದೆ. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಸಮುದ್ರದಂತೆ ಹರಡಿದೆ. ಪುಣೆಯ ಮುಳಾ, ಮುಠಾ ಸೇರಿದ ಭೀಮಾ ನದಿ ಅದು. ಮುಂದೆ ನಮ್ಮ ಕರ್ನಾಟಕಕ್ಕೆ ಇಳಿದು ಕೃಷ್ಣೆಯನ್ನು ಸೇರುತ್ತದೆ. ‘ಹಾಗಾದ್ರೆ ತುಂಗೆಗೂ ಇದಕ್ಕೂ ಕೊನೆಗೆ ನೆಂಟಸ್ತನ ಐತೆ’ ಎಂದರು ಅಪ್ಪ. ತಿಂಗಳುಗಳ ನಂತರ ಅವರಾಗಿ ಆಡಿದ ಉದ್ದನೆಯ ಮಾತು ಅದು.

ಅಂದಿನಿಂದ ಅವರ ಕೈಗೆ ಹೊಂದುವ ರೀಲು ಯಾವುದು ಎಂಬುದು ನನ್ನ ಪ್ರಾಜೆಕ್ಟ್ ಆಯಿತು.

ಸ್ಪಿನ್ನಿಂಗ್ ರೀಲಿನಲ್ಲಿ ಸುತ್ತುವ ಹಿಡಿಯನ್ನು ಎಡಬಲ ಬದಲಿಸಬಹುದು. ಅದನ್ನು ಬಲಕ್ಕೆ ಹಾಕಿದೆ. ಕೋಲಿನ ಬುಡ ಕಂಕುಳಲ್ಲಿ, ಎಡಗೈ ಬರೀ ಆಸರೆಗೆ, ಕೆಲಸವೆಲ್ಲ ಬಲಗೈಯದು. ಫ್ರಂಟ್ ಡ್ರ್ಯಾಗಾದರೆ ಮೀನು ಓಡುವಾಗ ಆ ಬಲಗೈ ಮುಂದೆ ಚಾಚಿ, ದಾರ ಸರಸರನೆ ಹೋಗುತ್ತಿರುವ ಜಾಗವನ್ನೇ ದಾಟಿ ತಿರುಪು ಮುಟ್ಟಬೇಕು. ಅಷ್ಟು ಹೊತ್ತು ಕೋಲಿನ ಭಾರವೆಲ್ಲ ಎಡಗೈ ಮೇಲೆ. ರಿಯರ್ ಡ್ರ್ಯಾಗಿನ ತಿರುಪು ಹಿಡಿಯಿಂದ ನಾಲ್ಕು ಬೆರಳು ದೂರ. ನೋಡದೆಯೂ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಹಿಂದೆ ಲಿವರ್ ಇರುವ ಶಿಮಾನೋ ಬೇಟ್‌ರನ್ನರ್ ತರಹದ ರೀಲುಗಳನ್ನು ಕೆಲವರು ರಿಯರ್ ಡ್ರ್ಯಾಗ್ ಎಂದುಕೊಳ್ಳುತ್ತಾರೆ. ಆ ಲಿವರ್ ಇರುವುದು ಮೀನು ಮೇವು ಕಚ್ಚಿಕೊಂಡು ಹಗುರಾಗಿ ಹೋಗಲು ಬಿಡುವುದಕ್ಕೆ. ಹಿಡಿ ತಿರುಗಿಸಿದ ಕೂಡಲೇ ನಿಜವಾದ ಡ್ರ್ಯಾಗ್ ಹಿಡಿದುಕೊಳ್ಳುತ್ತದೆ, ಅದು ಇರುವುದು ಮುಂದೆ, ಸ್ಪೂಲಿನಲ್ಲಿ. ಅಪ್ಪಟ ರಿಯರ್ ಡ್ರ್ಯಾಗ್ ಎಂದರೆ ಸ್ವೀಡನ್ನಿನ ಸ್ವಾಂಗ್‌ಸ್ಟಾದಲ್ಲಿ ತಯಾರಾಗುತ್ತಿದ್ದ ಹಳೆಯ ಆಬು ಕಾರ್ಡಿನಲ್. ಅದನ್ನು ಈಗಲೂ ಜೋಪಾನ ಮಾಡಿಟ್ಟುಕೊಂಡವರಿದ್ದಾರೆ.

ಹಾಗಾದರೆ ಅಂಗಡಿಯವರು ಬೇಡ ಎನ್ನುವುದೇಕೆ? ಬಾಲದಲ್ಲಿ ಜಾಗ ಕಡಿಮೆ, ವಾಷರುಗಳು ಚಿಕ್ಕವು, ದೊಡ್ಡ ಮೀನಿನ ಉದ್ದ ಓಟಕ್ಕೆ ಬೇಗ ಬಿಸಿಯಾಗುತ್ತವೆ. ಜೊತೆಗೆ ಫ್ರಂಟ್ ಡ್ರ್ಯಾಗಿನಲ್ಲಿ ದಾರ ಹೋಗುವಾಗ ಸ್ಪೂಲು ಮಾತ್ರ ತಿರುಗುತ್ತದೆ. ರಿಯರ್ ಡ್ರ್ಯಾಗಿನಲ್ಲಿ ಸ್ಪೂಲಿನ ಜೊತೆ ನಡುವಿನ ಇಡೀ ದಂಡವೇ ತಿರುಗಬೇಕು. ಆ ದಂಡ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ತಡೆ.

ಈ ತಡೆ ಎಷ್ಟು ಎಂದು ತಿಳಿಯಲು ವಿಮಾನದ ಬ್ಯಾಗು ತೂಗುವ ಡಿಜಿಟಲ್ ತಕ್ಕಡಿ ಸಾಕು. ದಾರದ ತುದಿಗೆ ತಕ್ಕಡಿ ಕಟ್ಟಿ ಎಳೆಯಿರಿ. ನಮ್ಮದು 12 ಪೌಂಡಿನ ದಾರ, ಸುಮಾರು 5.4 ಕಿಲೋ. ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಕ್ಕೆ ಡ್ರ್ಯಾಗ್ ಹೊಂದಿಸುವುದು ರೂಢಿ. ದಾರ ಒಂದೇ ಸಮನೆ ಹೋಗುವಾಗ 1.4 ಕಿಲೋ ತೋರಿಸುವಂತೆ ಎರಡೂ ಬಗೆಯ ರೀಲುಗಳನ್ನು ಹೊಂದಿಸಿದೆ. ಫ್ರಂಟ್ ಡ್ರ್ಯಾಗ್ ಹೊರಡುವ ಕ್ಷಣದಲ್ಲಿ ತೋರಿಸಿದ್ದು 1.5. ಹಳೆಯ ರಿಯರ್ ಡ್ರ್ಯಾಗ್ ತೋರಿಸಿದ್ದು 1.9, ಅದೂ ಜರ್ಕ್ ಹೊಡೆದು. ನಮ್ಮ ಸರ್ವರುಗಳ ಕಥೆಯೂ ಇದೇ. ಸರಾಸರಿ ಚೆನ್ನಾಗಿಯೇ ಇರುತ್ತದೆ, ಆ ಒಂದು ಗಳಿಗೆಯ ಏರಿಕೆಯಲ್ಲಿ ಎಲ್ಲ ಕೆಡುತ್ತದೆ. ದಾರ ತುಂಡಾಗುವುದು ಆ ಗಳಿಗೆಯಲ್ಲೇ.

ಇನ್ನು ಸರ್ವಿಸ್. ಸ್ಪೂಲು, ಹಿಡಿ, ಪಕ್ಕದ ಮುಚ್ಚಳ, ಹಿಂದಿನ ತಿರುಪು, ಈ ಕ್ರಮದಲ್ಲಿ ಬಿಚ್ಚುತ್ತೇನೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ. ವಾಷರುಗಳನ್ನು ಹೊರಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಕಿವಿ ಇರುವ ಲೋಹದ ವಾಷರು ಬಾಡಿಗೆ ಕಚ್ಚಿಕೊಳ್ಳುತ್ತದೆ, ಚಪ್ಪಟೆ ಅಂಚಿನ ತೂತಿರುವುದು ದಂಡದ ಜೊತೆ ತಿರುಗುತ್ತದೆ, ನಡುವೆ ಫೆಲ್ಟು. ಕ್ರಮ ಕದಲಿದರೆ ಡ್ರ್ಯಾಗೇ ಇಲ್ಲ. ಲೋಹದ ಭಾಗಗಳಿಗೆ ಸೀಮೆಎಣ್ಣೆ, ಹಳೆಯ ಟೂತ್ ಬ್ರಷ್. ಪ್ಲಾಸ್ಟಿಕ್ಕಿಗೆ ಪಾತ್ರೆ ತೊಳೆಯುವ ಸೋಪಿನ ನೀರು. ಫೆಲ್ಟಿಗೆ ಸೀಮೆಎಣ್ಣೆ ತಾಗಿಸದೆ ಒರೆಸಿ, ಡ್ರ್ಯಾಗ್ ಗ್ರೀಸನ್ನೇ ಹಚ್ಚುತ್ತೇನೆ. ಗೇರುಗಳಿಗೆ ಗ್ರೀಸು, ಲೈನ್ ರೋಲರಿಗೂ ಬೇಲ್ ತಂತಿಯ ಕೀಲಿಗೂ ಒಂದೊಂದು ತೊಟ್ಟು ತೆಳು ಎಣ್ಣೆ.

ವಾಷರುಗಳನ್ನಷ್ಟೇ ಶುದ್ಧ ಮಾಡಿ ಅಳೆದಾಗ 1.9 ಇದ್ದದ್ದು 1.75ಕ್ಕೆ ಇಳಿಯಿತು. ಆಮೇಲೆ ದಂಡವನ್ನು ಪೂರ್ತಿ ಹೊರಗೆಳೆದು, ಅದು ಹಾದುಹೋಗುವ ಪಿನಿಯನ್ ಗೇರಿನ ತೂತಿನೊಳಗೆ ಇಯರ್ ಬಡ್ ತೂರಿಸಿದೆ. ಕಪ್ಪಗೆ ಗಟ್ಟಿಯಾದ ಗ್ರೀಸು ಬಂತು. ಅದನ್ನು ತೆಗೆದು, ದಂಡಕ್ಕೆ ತೆಳ್ಳಗೆ ಹೊಸ ಗ್ರೀಸು ಸವರಿ ಅಳೆದರೆ 1.55. ರಿಯರ್ ಡ್ರ್ಯಾಗ್ ಜರ್ಕ್ ಹೊಡೆಯುತ್ತದೆ ಎಂಬ ದೂರಿನ ದೊಡ್ಡ ಪಾಲು ವಾಷರಿನದಲ್ಲ, ಯಾರೂ ಮುಟ್ಟದ ಆ ತೂತಿನದು. ಕನಿಷ್ಠ ನಮ್ಮ ರೀಲಿನಲ್ಲಿ ಹಾಗಿತ್ತು.

ಕಳೆದ ಜನವರಿಯಲ್ಲಿ ಅಲ್ಲಿನ ಮೀನುಗಾರರನ್ನು ಕೇಳಿಕೊಂಡು ಅದೇ ಹಿನ್ನೀರಿನ ದಂಡೆಯಲ್ಲಿ ಕೂತಿದ್ದೆವು. ಹನ್ನೊಂದರ ಹೊತ್ತಿಗೆ ಅಪ್ಪನ ಕೋಲು ಬಾಗಿತು. ನಾನು ಎದ್ದು ಓಡಿದರೆ ‘ನೀ ಸುಮ್ನಿರೋ ಮಾರಾಯ’ ಎಂದರು. ರೀಲಿನ ಬಾಲ ಕಿರ್ರೆಂದಿತು. ಅವರ ಬಲಗೈ ಹಿಂದಕ್ಕೆ ಸರಿದು ತಿರುಪನ್ನು ಎರಡು ಕ್ಲಿಕ್ ಸಡಿಲಿಸಿತು, ಮೀನು ನಿಂತಾಗ ಒಂದು ಕ್ಲಿಕ್ ಬಿಗಿಸಿತು, ಮತ್ತೆ ಸಡಿಲಿಸಿತು. ನಾನಾಗಿದ್ದರೆ ಒಮ್ಮೆ ಹೊಂದಿಸಿದ ತಿರುಪನ್ನು ಮುಟ್ಟುತ್ತಿರಲಿಲ್ಲ. ಅಪ್ಪ ಹೊಳೆಯಲ್ಲಿ ಬೆರಳಿನಿಂದ ಮಾಡುತ್ತಿದ್ದ ಕೆಲಸವನ್ನೇ ಆ ತಿರುಪಿನಿಂದ ಮಾಡುತ್ತಿದ್ದರು. ಹತ್ತು ನಿಮಿಷದ ಮೇಲೆ ಮೂರೂವರೆ ಕಿಲೋದ ಕಾಟ್ಲಾ ಬಲೆಗೆ ಬಂತು. ‘ಎಂತಕ್ಕೆ ಅಷ್ಟು ಬಿಗಿ ಇಡ್ತೀಯ ನೀನು? ಮೀನಿಗೂ ಸ್ವಲ್ಪ ದಾರಿ ಬಿಡ್ಬೇಕು’ ಎಂದು ನನಗೇ ಪಾಠ.

ನೂರು ಕಿಲೋಮೀಟರ್ ವಾಪಸು ಬರುವಷ್ಟೂ ಹೊತ್ತು ಅವರದೇ ಮಾತು. ಸೊಸೆಗೆ ಫೋನಿನಲ್ಲಿ ಹುಣಸೆಹಣ್ಣು ನೆನೆಸಿಡಲು ಹೇಳಿದರು.

ಸಮುದ್ರಕ್ಕೆ ಹೋಗುವವರಿಗೆ, ಹತ್ತು ಕಿಲೋ ಮೀನಿನ ಕನಸಿನವರಿಗೆ ನಾನೂ ಫ್ರಂಟ್ ಡ್ರ್ಯಾಗನ್ನೇ ಹೇಳುತ್ತೇನೆ. ಆದರೆ ಮನೆಯಲ್ಲಿ ವಯಸ್ಸಾದವರಿದ್ದರೆ, ಒಂದು ಕೈ ಸೋತವರಿದ್ದರೆ, ಅಟ್ಟದ ಮೇಲಿನ ಹಳೆಯ ರಿಯರ್ ಡ್ರ್ಯಾಗನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಬಳಸಿದ ಮೇಲೆ ತಿರುಪನ್ನು ಪೂರ್ತಿ ಸಡಿಲಿಸಿ ಇಡಿ, ಇಲ್ಲದಿದ್ದರೆ ಫೆಲ್ಟು ಒತ್ತಿ ಹಪ್ಪಳವಾಗುತ್ತದೆ. ಬೇಡವೇ ಬೇಡ ಎಂದಾದರೆ ಸಂಪಾದಕರ ಮೂಲಕ ನನಗೊಂದು ಸಾಲು ಬರೆಯಿರಿ. ಬಿಡಿಭಾಗಗಳು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ, ಅಪ್ಪನ ಮುಂದಿನ ಭಾನುವಾರಗಳ ಪಟ್ಟಿ ಮಾತ್ರ ಉದ್ದವಾಗುತ್ತಿದೆ.